ಗುತ್ತಿಗೆಯೂ ಆಸರಿಗೆಯೂ

ನಮ್ಮ ಮಲೆನಾಡಿನ ಅಡಕೆಯ ಸೀಮೆಯಲ್ಲಿ ಯಾರೇ ಆಗಲಿ ಮನೆಯ ಜಗಲಿಯನ್ನು ಹತ್ತಿದರೆ, ಬಂದ ಕಾರ್ಯವೇನೆಂದು ವಿಚಾರಿಸುವುದಕ್ಕೆ ಮೊದಲು ‘ಆಸರಿಗೆ ಏನು ಬೇಕು?’ ಎಂದು ಕೇಳುವುದು ವಾಡಿಕೆ. ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ, ಇದ್ದರೆ ಮಜ್ಜಿಗೆ, ಈಚಿನ ದಿನಗಳಲ್ಲಿ ಚಹ. ಈ ‘ಆಸರಿಗೆ’ ಎಂಬ ಮಾತು ಹಳೆಯದು. ಹಳಗನ್ನಡದಲ್ಲಿ ಆಸರು ಎಂದರೆ ದಣಿವು, ಬಳಲಿಕೆ. ಬಂದವನ ದಣಿವಿಗೆ ಕೊಡತಕ್ಕದ್ದು ಯಾವುದೋ ಅದು ಆಸರಿಗೆ. ಬಂದವನು ಬಂಧುವೋ, ದಾರಿಹೋಕನೋ, ಸಾಲ ಕೇಳಬಂದವನೋ ಎಂಬ ವಿಚಾರ ಆ ಮಾತಿನೊಳಗೆ ಇಲ್ಲ. ಅವನು ದಣಿದಿದ್ದಾನೆ ಎಂಬುದೊಂದೇ ಅದರಲ್ಲಿರುವ ವಿಚಾರ.

ಈ ಆಸರಿಗೆಯ ವಿಷಯದಲ್ಲಿ ಈಚೆಗೆ ನಮ್ಮ ಹಳ್ಳಿಗಳಲ್ಲಿ ಒಂದು ಸಂದೇಹ ಹುಟ್ಟಿಕೊಂಡಿದೆ. ಹಿಂದೆ ತೋಟಗದ್ದೆಗಳಲ್ಲಿ ದುಡಿಯುತ್ತಿದ್ದವರು ಊರಿನವರೇ; ವರ್ಷವೆಲ್ಲ ಒಂದೇ ಮನೆಗೆ ಬರುತ್ತಿದ್ದವರು. ಈಗ ಹಾಗಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯುವವರು ಒಂದು ತಂಡ. ಮಳೆ ನಿಂತ ಮೇಲೆ ಕೊನೆ ಕೊಯ್ಯುವವರು ಇನ್ನೊಂದು ತಂಡ. ಕೊಯ್ದ ಅಡಕೆಯನ್ನು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು ಮತ್ತೊಂದು ತಂಡ. ಗದ್ದೆಯ ಪೈರಿಗೆ ದೂರದ ಸೀಮೆಯಿಂದ ಕೊಯ್ಲಿನ ಯಂತ್ರವನ್ನು ತರುವವರು ಬೇರೊಂದು ತಂಡ. ಇವರೆಲ್ಲರೂ ಗುತ್ತಿಗೆಯ ಮೇಲೆ ಬರುವವರು. ಮದ್ದಿಗೆ ಪೀಪಾಯಿಯ ಲೆಕ್ಕ, ಕೊಯ್ಲಿಗೆ ಕೊನೆಯ ಲೆಕ್ಕ, ಸುಲಿಯುವುದಕ್ಕೆ ಡಬ್ಬದ ಲೆಕ್ಕ, ಯಂತ್ರಕ್ಕೆ ಗಂಟೆಯ ಲೆಕ್ಕ. ತಂಡದ ಮುಖಂಡನೊಡನೆ ದೂರವಾಣಿಯಲ್ಲಿಯೇ ದರ ಗೊತ್ತಾಗುತ್ತದೆ. ಬರುವವರ ಹೆಸರು ನಮಗೆ ತಿಳಿಯದು. ನಮ್ಮ ಹೆಸರು ಅವರಿಗೆ ಬೇಕಾಗದು. ಕೆಲಸ ಮುಗಿದ ಸಂಜೆ ಹಣ ಎಣಿಸಿಕೊಟ್ಟರೆ ಉಭಯರಿಗೂ ಋಣ ಹರಿಯಿತು.

ಇಂಥವರಿಗೆ ಗೃಹಸ್ಥನು ಆಸರಿಗೆಯನ್ನು ಕೊಡಬೇಕೆ? ಕೊಡಬೇಕಾದರೆ ಅದು ಯಾವ ಬಗೆಯ ಕೊಡುಗೆ? ಕೂಲಿಯ ಒಂದು ಭಾಗವೆ, ದಾನವೆ, ಅಥವಾ ಇವೆರಡೂ ಅಲ್ಲದ ಬೇರೊಂದೆ? ಈ ಲೇಖನದಲ್ಲಿ ಪರೀಕ್ಷಿಸಬೇಕೆಂದಿರುವುದು ಇಷ್ಟೇ. ಒಂದು ಲೋಟ ಚಹದ ವಿಷಯಕ್ಕೆ ಧರ್ಮವಿಚಾರವೇ ಎಂದು ವಾಚಕರು ನಗಬಹುದು. ಆದರೆ ದೊಡ್ಡ ವಿಷಯಗಳನ್ನು ಕಾನೂನು ಕಾಯುತ್ತದೆ. ಕಾನೂನಿನ ಕೈ ಮುಟ್ಟದ ಸಣ್ಣ ವಿಷಯಗಳಲ್ಲಿಯೇ ಮನುಷ್ಯನ ಧರ್ಮಬುದ್ಧಿ ತಾನಾಗಿ ನಿಲ್ಲಬಲ್ಲುದೋ ಇಲ್ಲವೋ ಎಂಬುದು ಗೊತ್ತಾಗುವುದು.

ನನ್ನ ನೆರೆಯವರಾದ ಒಬ್ಬ ತೋಟಗಾರರು ಓದಿದವರು, ನ್ಯಾಯವಂತರು. ಕೂಲಿಯನ್ನು ಒಂದು ದಿನವೂ ತಡಮಾಡಿದವರಲ್ಲ. ಅವರ ಮತದಲ್ಲಿ ಗುತ್ತಿಗೆಯ ಆಳಿಗೆ ಆಸರಿಗೆ ಕೊಡಬೇಕಾದ ಕಟ್ಟು ಇಲ್ಲ. ಅದಕ್ಕೆ ಅವರು ಮೂರು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದು, ದರವನ್ನು ಗೊತ್ತುಮಾಡುವಾಗ ಊಟ ತಿಂಡಿಯ ಖರ್ಚನ್ನೂ ಸೇರಿಸಿಯೇ ಮುಖಂಡನು ಹೇಳಿದ್ದಾನೆ. ಮತ್ತೆ ಕೊಡುವುದೆಂದರೆ ಒಂದೇ ಸಾಲವನ್ನು ಎರಡು ಸಾರಿ ತೀರಿಸಿದಂತೆ. ಎರಡನೆಯದು, ದುಡಿಯುವವನಿಗೆ ಬೇಕಾದುದು ಹಣ. ತನ್ನ ಹಣದಿಂದ ತನಗೆ ಬೇಕಾದುದನ್ನು ತಿನ್ನುವ ಸ್ವಾತಂತ್ರ್ಯ ಅವನಿಗಿರಬೇಕು. ಒಡೆಯನ ಮನೆಯ ಚಹಕ್ಕಾಗಿ ಕಾಯುವುದು ಹಳೆಯ ಜೀತದ ನೆರಳು. ಮೂರನೆಯದು, ಗುತ್ತಿಗೆ ಮಾಡಿಕೊಂಡವನು ಗಂಡಸು; ಹದಿನೈದು ಜನರಿಗೆ ಚಹ ಕಾಯಿಸಿ, ಅವಲಕ್ಕಿ ಕಲಸಿ, ಪಾತ್ರೆ ಬೆಳಗುವವಳು ಮನೆಯ ಹೆಂಗಸು. ಅವಳ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಒಬ್ಬರ ಬೆವರಿನಿಂದ ಇನ್ನೊಬ್ಬರು ಔದಾರ್ಯದ ಕೀರ್ತಿಯನ್ನು ಪಡೆಯುವುದು ಧರ್ಮವೆ?

ಈ ಮೂರು ಮಾತುಗಳೂ ಹಗುರವಾದುವಲ್ಲ. ಮೂರನೆಯದಂತೂ ನಮ್ಮಲ್ಲಿ ಬಹಳ ಜನರು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆ. ಆದಕಾರಣ ಅತಿಥಿಸತ್ಕಾರದ ಪುರಾತನ ಮಹಿಮೆಯನ್ನು ವರ್ಣಿಸಿ ಇವುಗಳನ್ನು ತಳ್ಳಿಹಾಕುವುದು ಸರಿಯಲ್ಲ. ಅನ್ನವೂ ಕೂಲಿಯೂ ಒಂದನ್ನೊಂದು ಹೇಗೆ ಕೂಡಿಕೊಂಡು ಬಂದಿವೆ ಎಂಬುದನ್ನು ಮೊದಲು ನೋಡೋಣ.

ಕೌಟಿಲ್ಯನ ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ, ತೋಟ ಕಾಯುವವರಿಗೂ ದನಗಾಹಿಗಳಿಗೂ ದಾಸರಿಗೂ ಕೆಲಸದಾಳುಗಳಿಗೂ ಅವರವರ ಪರಿವಾರಕ್ಕೆ ತಕ್ಕಂತೆ ಆಹಾರವನ್ನೂ, ಅದರ ಮೇಲೆ ತಿಂಗಳಿಗೆ ಒಂದೂಕಾಲು ಪಣವನ್ನೂ ಕೊಡಬೇಕೆಂದು ಹೇಳಿದೆ. ಅಲ್ಲಿ ಆಹಾರಕ್ಕೆ ‘ಭಕ್ತ’ವೆಂದೂ ಹಣಕ್ಕೆ ‘ವೇತನ’ವೆಂದೂ ಹೆಸರು; ‘ಭಕ್ತವೇತನ’ವೆಂದು ಎರಡನ್ನೂ ಕೂಡಿಸಿ ಹೇಳುವುದುಂಟು. ಎಂದರೆ ಅನ್ನವು ಅಲ್ಲಿ ಒಡೆಯನ ದಯೆಯಲ್ಲ. ಲೆಕ್ಕಕ್ಕೆ ಸೇರಿದ ಸಲುವಳಿ. ನಮ್ಮ ರೈತರಲ್ಲಿ ಮುಯ್ಯಾಳಿನ ಪದ್ಧತಿ ಇದಕ್ಕೆ ಬೇರೊಂದು ಬಗೆಯದು. ಇಂದು ನನ್ನ ಗದ್ದೆಗೆ ನೀವು ಬಂದು ನಾಟಿ ಮಾಡಿದರೆ ನಾಳೆ ನಿಮ್ಮ ಗದ್ದೆಗೆ ನಾನು ಬರುವೆನು. ಕೂಲಿಯ ಮಾತೇ ಇಲ್ಲ. ಆದರೆ ಯಾರ ಗದ್ದೆಯೋ ಅವರ ಮನೆಯ ಊಟ. ಅಲ್ಲಿ ಊಟ ಹಾಕುವವನೂ ಉಣ್ಣುವವನೂ ಸಮಾನರು. ಇಂದಿನ ಆತಿಥೇಯನು ನಾಳಿನ ಆಳು. ಆದುದರಿಂದ ಆ ಊಟದಲ್ಲಿ ಮೇಲು ಕೀಳುಗಳ ರುಚಿ ಇರುತ್ತಿರಲಿಲ್ಲ.

ಅನ್ನವು ಕೂಲಿಯೊಳಗೆ ಸೇರಿದಾಗ ಆಗುವ ಕೇಡನ್ನು ನೋಡಬೇಕಾದರೆ ಇಂಗ್ಲೆಂಡಿನ ಉದಾಹರಣೆ ಸಾಕು. ಆ ದೇಶದ ಪಶ್ಚಿಮಭಾಗದ ಸಾಮರ್‌ಸೆಟ್, ಡೆವನ್, ಹೆರಿಫರ್ಡ್ ಮೊದಲಾದ ಸೀಮೆಗಳಲ್ಲಿ ಸೇಬಿನ ತೋಟಗಳು ಬಹಳ. ಸೇಬಿನ ರಸವನ್ನು ಹುಳಿಯಿಸಿ ಮಾಡುವ ಸೈಡರ್ ಎಂಬ ಮದ್ಯವನ್ನು ಅಲ್ಲಿನ ಒಕ್ಕಲುಗಾರರು ಆಳುಗಳಿಗೆ ಹೊಲದಲ್ಲಿ ಕುಡಿಯಲು ಕೊಡುತ್ತಿದ್ದರು. ಆಳು ತನ್ನ ಪಾಲನ್ನು ಚಿಕ್ಕ ಮರದ ಪೀಪಾಯಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತಿದ್ದನು. ದಣಿದವನಿಗೆ ಕೊಡುವ ಪಾನೀಯವು ಕಾಲಕ್ರಮದಲ್ಲಿ ಕೂಲಿಯ ಒಂದು ಭಾಗವೇ ಆಗಿಹೋಯಿತು. ಮನೆಯಲ್ಲಿ ಹೆಂಡತಿ ಮಕ್ಕಳು ರೊಟ್ಟಿಗೆ ಕಾಯುತ್ತಿದ್ದರೂ ಕೂಲಿಯ ಒಂದಂಶವು ಅವನ ಗಂಟಲಿನೊಳಗೇ ಇಳಿದುಹೋಗುತ್ತಿತ್ತು. ಕಡೆಗೆ 1887ರಲ್ಲಿ ಪಾರ್ಲಿಮೆಂಟು ಒಂದು ತಿದ್ದುಪಡಿ ಶಾಸನವನ್ನು ಮಾಡಿ, ಹೊಲದ ಆಳಿಗೆ ಹಣದ ಕೂಲಿಯ ಜೊತೆಗೆ ಅನ್ನವನ್ನೂ ಅಮಲಿಲ್ಲದ ಪಾನೀಯವನ್ನೂ ಕೊಡುವ ಒಪ್ಪಂದವಿರಬಹುದು, ಮದ್ಯವು ಮಾತ್ರ ಕೂಲಿಯಾಗಕೂಡದು ಎಂದು ವಿಧಿಸಿತು. 1949ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಅಂಗೀಕರಿಸಿದ ವೇತನರಕ್ಷಣೆಯ ಒಡಂಬಡಿಕೆಯಲ್ಲಿಯೂ, ವಸ್ತುರೂಪದಲ್ಲಿ ಕೊಡುವ ಕೂಲಿಯು ಕೆಲಸಗಾರನಿಗೂ ಅವನ ಸಂಸಾರಕ್ಕೂ ಉಪಯೋಗವಾಗತಕ್ಕದ್ದಾಗಿರಬೇಕು, ಅದರ ಬೆಲೆ ನ್ಯಾಯವಾಗಿರಬೇಕು, ಕಡುಮದ್ಯವು ಎಂದಿಗೂ ಕೂಲಿಯಾಗಬಾರದು ಎಂಬ ನಿಯಮವಿದೆ. ಸಂಜೆಗೆ ಒಂದು ಸೀಸೆ ಸಿಗುವುದೆಂಬ ಆಸೆ ತೋರಿಸಿ ಆಳುಗಳನ್ನು ಕರೆತರುವುದು ನಮ್ಮ ಸೀಮೆಯಲ್ಲಿಯೂ ಇಲ್ಲದಿಲ್ಲ. ಅದನ್ನು ಆತಿಥ್ಯವೆನ್ನುವವರು ಈ ಚರಿತ್ರೆಯನ್ನು ಸ್ವಲ್ಪ ಆಲೋಚಿಸಬೇಕು.

ಆದಕಾರಣ ನೆರೆಯವರ ಎರಡನೆಯ ಮಾತನ್ನು ನಾವು ಪೂರ್ಣವಾಗಿ ಒಪ್ಪಬೇಕು. ಅನ್ನವು ಕೂಲಿಯ ಬದಲಿಗೆ ನಿಲ್ಲಕೂಡದು. ಚಹ ಕೊಟ್ಟೆನೆಂದು ಡಬ್ಬಕ್ಕೆ ಎರಡು ರೂಪಾಯಿ ಕಡಿಮೆ ಮಾಡುವವನು ಚಹವನ್ನು ಕೊಟ್ಟವನಲ್ಲ, ಮಾರಿದವನು. ಅದೂ ಕೊಳ್ಳುವವನ ಇಷ್ಟವನ್ನು ಕೇಳದೆ ಮಾರಿದವನು. ಇಲ್ಲಿಯವರೆಗೆ ಒಪ್ಪಿದರೆ ಮುಂದೆ ಉಳಿಯುವುದು ಇದು: ಕೂಲಿಯು ಪೂರ್ಣವಾಗಿ ಸಂದ ಮೇಲೆಯೂ, ಗುತ್ತಿಗೆಯಲ್ಲಿ ಇಲ್ಲದಿದ್ದರೂ, ಮತ್ತೇನಾದರೂ ಸಲ್ಲಬೇಕಾದುದು ಇದೆಯೆ?

ಈ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿದವರು ಯೆಹೂದ್ಯರ ಧರ್ಮಶಾಸ್ತ್ರಜ್ಞರು. ಸುಮಾರು ಕ್ರಿ. ಶ. 200ರ ಹೊತ್ತಿಗೆ ಸಂಕಲಿತವಾದ ಮಿಶ್ನಾ ಎಂಬ ಅವರ ಗ್ರಂಥದಲ್ಲಿ, ಬಾವಾ ಮೆತ್ಸಿಯಾ ಎಂಬ ಭಾಗದಲ್ಲಿ, ಕೂಲಿಯವರ ಊಟದ ವಿಚಾರ ಬರುತ್ತದೆ. ಊಟ ಹಾಕುವ ವಾಡಿಕೆಯಿರುವ ಊರಿನಲ್ಲಿ ಊಟ ಹಾಕತಕ್ಕದ್ದು. ಸಿಹಿಯನ್ನು ಕೊಡುವ ವಾಡಿಕೆಯಿದ್ದರೆ ಅದನ್ನೂ ಕೊಡತಕ್ಕದ್ದು ಎಂದು ಮೊದಲು ಹೇಳಿ, ಒಂದು ಕಥೆಯನ್ನು ಹೇಳಿದ್ದಾರೆ. ಯೋಹಾನಾನ್ ಬೆನ್ ಮತ್ಯಾ ಎಂಬ ಗುರುವು ಕೂಲಿಯವರನ್ನು ಗೊತ್ತುಮಾಡಿಕೊಂಡು ಬಾ ಎಂದು ಮಗನನ್ನು ಕಳುಹಿಸಿದನು. ಮಗನು ಹೋಗಿ, ಊಟವನ್ನೂ ಹಾಕುವೆವೆಂದು ಅವರಿಗೆ ಮಾತು ಕೊಟ್ಟು ಬಂದನು. ತಂದೆ ಅದನ್ನು ಕೇಳಿ ಗಾಬರಿಯಾದನು. ಸೊಲೊಮೋನ್ ರಾಜನು ತನ್ನ ವೈಭವದ ದಿನಗಳಲ್ಲಿ ಮಾಡಿಸಿದಂಥ ಔತಣವನ್ನು ಇಟ್ಟರೂ ಆ ಮಾತು ಸಂದಂತಾಗದು, ಏಕೆಂದರೆ ಅವರು ಅಬ್ರಹಾಮ, ಇಸಾಕ, ಯಾಕೋಬರ ಸಂತತಿಯವರು. ಅವರು ಕೆಲಸಕ್ಕೆ ಕೈಯಿಡುವುದಕ್ಕೆ ಮೊದಲೇ ಹೋಗಿ, ನಿಮಗೆ ನಮ್ಮಿಂದ ರೊಟ್ಟಿ ಕಾಳು ಇಷ್ಟೇ ಎಂದು ಸ್ಪಷ್ಟಪಡಿಸಿ ಬಾ ಎಂದನು. ಇದಕ್ಕೆ ಶಿಮೋನ್ ಬೆನ್ ಗಮ್ಲಿಯೇಲ್ ಎಂಬ ಇನ್ನೊಬ್ಬ ಗುರುವು, ಅಷ್ಟು ಹೇಳಬೇಕಾದುದಿಲ್ಲ, ಎಲ್ಲವೂ ಆಯಾ ಊರಿನ ವಾಡಿಕೆಯಂತೆ ಎಂದು ತನ್ನ ಅಭಿಪ್ರಾಯವನ್ನು ಕೊಟ್ಟನು.

ಈ ಕಥೆಯಲ್ಲಿ ತಂದೆಯು ಜಿಪುಣನಂತೆ ತೋರಬಹುದು. ವಿಚಾರಮಾಡಿದರೆ ಹಾಗಲ್ಲ. ಅವನ ಗಾಬರಿಯ ಕಾರಣವನ್ನು ನೋಡಬೇಕು. ಬಂದಿರುವವರು ಕೂಲಿಯವರೆಂಬುದು ಮಗನಿಗೆ ಕಾಣುತ್ತದೆ. ಅವರು ಯಾರ ಸಂತತಿಯವರೆಂಬುದು ತಂದೆಗೆ ಕಾಣುತ್ತದೆ. ಕೆಲಸಕ್ಕೆ ಅಳತೆಯುಂಟು, ಆದುದರಿಂದ ಕೂಲಿಗೂ ಅಳತೆಯುಂಟು. ಕೆಲಸ ಮಾಡುವವನ ಯೋಗ್ಯತೆಗೆ ಅಳತೆಯಿಲ್ಲ. ಆದುದರಿಂದ ಅವನನ್ನು ಮನುಷ್ಯನೆಂದು ಕರೆದು ಊಟಕ್ಕೆ ಕೂರಿಸಿದರೆ ಎಷ್ಟು ಬಡಿಸಿದರೂ ಬಾಕಿ ಉಳಿಯುತ್ತದೆ. ನಮ್ಮ ಗುತ್ತಿಗೆಯಲ್ಲಿ ಆಗುವುದೂ ಇದೇ. ನಾವು ಕರೆಯುವುದು ಕೆಲಸವನ್ನು. ಬರುವವನು ಮಾತ್ರ ಒಬ್ಬ ಮನುಷ್ಯ. ಕೊನೆ ಕೊಯ್ಯುವುದಕ್ಕೆ ಎರಡು ಕೈಗಳನ್ನು ಮಾತ್ರ ಕಳುಹಿಸಿಕೊಡಿರೆಂದು ನಾವು ಕೇಳಬಹುದಾದರೂ, ಆ ಕೈಗಳ ಸಂಗಡ ಬಾಯಾರುವ ಗಂಟಲೂ, ಬಿಸಿಲಿಗೆ ಬಳಲುವ ಮೈಯೂ, ಮರದ ತುದಿಯಿಂದ ಕೆಳಗೆ ನೋಡಿದಾಗ ಮನೆಯಲ್ಲಿರುವ ಮಕ್ಕಳನ್ನು ನೆನೆಯುವ ಮನಸ್ಸೂ ಬಂದೇ ಬರುತ್ತವೆ. ಗುತ್ತಿಗೆಯ ದರವು ಕೈಗಳಿಗೆ ಸಲ್ಲುತ್ತದೆ. ಉಳಿದುವುಗಳನ್ನು ಕಂಡೆನೆಂದು ತಿಳಿಸುವುದಕ್ಕೆ ಗೃಹಸ್ಥನ ಬಳಿಯಲ್ಲಿ ಆಸರಿಗೆಯೊಂದೇ ಇರುವುದು.

ಬಿಸಿಲಿನಲ್ಲಿ ದುಡಿಯುವವನು ಕಾಲು ಗಂಟೆಗೋ ಇಪ್ಪತ್ತು ನಿಮಿಷಕ್ಕೋ ಒಂದು ಲೋಟ ನೀರು ಕುಡಿಯಬೇಕೆಂದು ವೈದ್ಯಶಾಸ್ತ್ರವು ಹೇಳುತ್ತದೆ. ನಮ್ಮ ದೇಶದಲ್ಲಿ 1970ರ ಗುತ್ತಿಗೆ ಕಾರ್ಮಿಕರ ಕಾನೂನು, ಇಪ್ಪತ್ತು ಜನರೂ ಅದಕ್ಕೆ ಮೇಲ್ಪಟ್ಟವರೂ ದುಡಿಯುವ ಕಡೆಗಳಿಗೆ ಅನ್ವಯಿಸುವಂತೆ, ಕುಡಿಯುವ ನೀರು ಮೊದಲಾದುವನ್ನು ಒದಗಿಸಬೇಕೆಂದು ವಿಧಿಸಿತು. ಆದರೆ ಆರೇಳು ಜನರು ಬಂದು ಹೋಗುವ ಸಣ್ಣ ತೋಟಗಾರನ ಅಂಗಳವನ್ನು ಇಂಥ ಕಾನೂನು ಎಂದೂ ಹೊಕ್ಕು ನೋಡಿದುದಿಲ್ಲ. ಅಲ್ಲಿ ಗೃಹಸ್ಥನ ಮನಸ್ಸೇ ಕಾನೂನು, ಅವನೇ ಪರೀಕ್ಷಕ.

ಹಾಗಾದರೆ ಗುತ್ತಿಗೆಯವನನ್ನು ಅತಿಥಿಯೆನ್ನೋಣವೆ? ಅದೂ ಪೂರ್ಣವಾಗಿ ಹೊಂದದು. ಒಂದು ರಾತ್ರಿ ಮಾತ್ರ ತಂಗುವವನು ಅತಿಥಿಯೆಂದು ಮನುಸ್ಮೃತಿಯ ಲಕ್ಷಣ; ಇವನು ಕೆಲಸ ಮುಗಿಯುವವರೆಗೆ ಇರುವವನು. ಅತಿಥಿಯು ತಾನಾಗಿ ಬರುವವನು. ಇವನು ನಾವು ಕರೆದು ಬಂದವನು. ಅತಿಥಿಯಿಂದ ನಮಗೆ ಪ್ರಯೋಜನದ ಅಪೇಕ್ಷೆಯಿಲ್ಲ. ಇವನಿಂದ ನಮಗೆ ವರ್ಷದ ಬೆಳೆಯೇ ಮನೆಗೆ ಬರಬೇಕು. ದಾನವೆನ್ನೋಣವೆಂದರೆ ಅದು ಇನ್ನೂ ತಪ್ಪು. ದಾನಕ್ಕೆ ಕೈಯೊಡ್ಡುವವನು ಬಡವನಾಗಿರಬೇಕು. ಇವನು ದುಡಿದು ನಿಂತವನು, ಕೈಯೊಡ್ಡಿದವನಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ದಾಸೋಹವೆಂಬ ಮಾತನ್ನು ಇಟ್ಟರಷ್ಟೆ. ದಾನಕ್ಕೂ ದಾಸೋಹಕ್ಕೂ ಇರುವ ಭೇದವು ಬಡಿಸುವವನ ನಿಲುವಿನಲ್ಲಿದೆ. ದಾನಿಯು ‘ನಾನು ಕೊಟ್ಟೆ’ ಎನ್ನುತ್ತಾನೆ. ದಾಸೋಹಿಯು ‘ನಾನು ದಾಸ’ ಎಂದು ಹೇಳಿ ಬಡಿಸುತ್ತಾನೆ. ನಮ್ಮ ಆಸರಿಗೆಯು ಯಾವ ಗುಂಪಿಗೆ ಸೇರಬೇಕೆಂದು ಕೇಳಿದರೆ, ಈ ಎರಡನೆಯ ಗುಂಪಿಗೆ ಎಂದು ಹೇಳಬೇಕು.

ಹೀಗೆ ಹೇಳುವುದು ಸುಲಭ. ಆದರೆ ನಮ್ಮ ಹಳ್ಳಿಗಳ ಆಸರಿಗೆಗೆ ಒಂದು ಕಳಂಕವಿದೆ. ಅದನ್ನು ಮುಚ್ಚಿಟ್ಟು ಈ ವಿಷಯವನ್ನು ಬರೆಯುವುದು ಅಪ್ರಾಮಾಣಿಕವಾದೀತು. ನನ್ನ ಬಾಲ್ಯದಲ್ಲಿ, ಎಂದರೆ 1960ರ ದಶಕದಲ್ಲಿ, ನಮ್ಮ ಮನೆಯ ಕೊಟ್ಟಿಗೆಯ ಮಾಡಿನ ಸಂದಿಯಲ್ಲಿ ಆರೇಳು ಕರಟಗಳು ಸಿಕ್ಕಿಸಿದಂತೆ ಇರುತ್ತಿದ್ದುವು. ಕೆಲಸಕ್ಕೆ ಬಂದವರು ತಮ್ಮ ತಮ್ಮ ಕರಟವನ್ನು ತೆಗೆದುಕೊಂಡು ಅಂಗಳದ ಅಂಚಿನಲ್ಲಿ ಕುಕ್ಕರಿಸುತ್ತಿದ್ದರು. ಮೇಲಿನಿಂದ ಮಜ್ಜಿಗೆಯನ್ನು ಸುರಿಯುತ್ತಿದ್ದರು. ಕುಡಿದಾದ ಮೇಲೆ ಅವರೇ ತೊಳೆದು ಅಲ್ಲಿಯೇ ಸಿಕ್ಕಿಸಬೇಕು. ನಮ್ಮ ತಾಯಿ ಯಾರನ್ನೂ ಬಾಯಾರಿ ಕಳುಹಿಸಿದವರಲ್ಲ. ಕೆಲಸದವರಿಗೆ ಮಜ್ಜಿಗೆ ಕೊಡದೆ ತಾವು ಕುಡಿದವರಲ್ಲ. ಆದರೂ ಕರಟವು ಕರಟವೇ. ಅಸ್ಪೃಶ್ಯತೆಯು ನಿಷಿದ್ಧವೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಸಾರಿತ್ತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಆಗಿತ್ತು. ನಮ್ಮ ಕೊಟ್ಟಿಗೆಯ ಮಾಡಿಗೆ ಆ ಸುದ್ದಿ ಮುಟ್ಟುವುದಕ್ಕೆ ಇನ್ನೂ ಬಹಳ ವರ್ಷಗಳು ಹಿಡಿದುವು. ದಣಿವನ್ನು ಕಳೆಯುವ ಮಜ್ಜಿಗೆಯೇ ಅವಮಾನವನ್ನೂ ಹೊತ್ತು ತರಬಲ್ಲುದೆಂಬುದನ್ನು ನಾನು ಮೊದಲು ತಿಳಿದುದು ಆ ಕರಟಗಳಿಂದ. ಈಗ ಕರಟವಿಲ್ಲ, ಕೆಲವು ಮನೆಗಳಲ್ಲಿ ಎಸೆಯುವ ಕಾಗದದ ಲೋಟ ಬಂದಿದೆ. ಪಾತ್ರೆ ತೊಳೆಯುವ ಶ್ರಮ ತಪ್ಪಲೆಂದು ಅದನ್ನು ತಂದವರು ಇದ್ದಾರೆ. ಹಳೆಯ ಕರಟದ ಕೆಲಸವನ್ನೇ ಅದರಿಂದ ಮಾಡಿಸಿಕೊಳ್ಳುವವರೂ ಇದ್ದಾರೆ. ಯಾವ ಮನೆಯಲ್ಲಿ ಯಾವುದೆಂಬುದು, ಅದೇ ದಿನ ಬಂದ ನೆಂಟರಿಗೆ ಯಾವ ಲೋಟದಲ್ಲಿ ಕೊಟ್ಟರೆಂಬುದರಿಂದ ಗೊತ್ತಾಗುತ್ತದೆ.

ಇಷ್ಟೆಲ್ಲ ತಿಳಿದವನೆಂದುಕೊಂಡಿದ್ದ ನನಗೆ ಎರಡು ವರ್ಷದ ಹಿಂದೆ ಒಂದು ಪಾಠವಾಯಿತು. ಅದನ್ನು ಹೇಳುವುದಕ್ಕೆ ಸಂಕೋಚವಿದ್ದರೂ ಈ ಲೇಖನ ಹುಟ್ಟಿದುದು ಅದರಿಂದಲೇ ಆದಕಾರಣ ಹೇಳಬೇಕಾಗಿದೆ.

ಆ ವರ್ಷ ಅಡಕೆ ಸುಲಿಯುವುದಕ್ಕೆ ಬಯಲುಸೀಮೆಯ ಕಡೆಯ ಎಂಟು ಜನರ ತಂಡವೊಂದು ಬಂದಿತ್ತು. ತೋಟದ ಮೇಲಿನ ಬಯಲಿನಲ್ಲಿ ತಾಡಪಾಲು ಕಟ್ಟಿಕೊಂಡು ಹದಿನೈದು ದಿನ ಇದ್ದರು. ಡಬ್ಬಕ್ಕೆ ಇಷ್ಟೆಂದು ಗುತ್ತಿಗೆ. ಊಟ ತಿಂಡಿ ಅವರದೇ. ಆದರೂ ದಿನವೂ ಸಂಜೆ ಚಹವನ್ನೂ ಏನಾದರೊಂದು ತಿಂಡಿಯನ್ನೂ ನಾನೇ ತಟ್ಟೆಯಲ್ಲಿಟ್ಟು ಕೊಂಡೊಯ್ಯುತ್ತಿದ್ದೆ; ನಮ್ಮ ಮನೆಯವರು ಕುಡಿಯುವ ಲೋಟಗಳಲ್ಲಿಯೇ ಕೊಡುತ್ತಿದ್ದೆ. ಅಡಕೆಯ ಚೊಗರಿನಿಂದ ಕಪ್ಪಾದ ಅವರ ಬೆರಳುಗಳು ಆ ಲೋಟಗಳನ್ನು ಹಿಡಿದುದನ್ನು ಕಂಡಾಗ ಬಾಲ್ಯದ ಕರಟಗಳ ಸಾಲವನ್ನು ತೀರಿಸುತ್ತಿದ್ದೇನೆಂಬ ಸಮಾಧಾನ ನನಗಾಗುತ್ತಿತ್ತು. ಸಮಾಧಾನವೆಂದೆ, ಹೆಮ್ಮೆಯೆಂದರೂ ತಪ್ಪಲ್ಲ.

ಕೆಲಸ ಮುಗಿದ ಸಂಜೆ ಉಳಿದ ಹಣವನ್ನು ಕೊಡಲು ಅವರ ತಾಡಪಾಲಿನ ಬಳಿಗೆ ಹೋದೆನು. ತಂಡದಲ್ಲಿ ಹಿರಿಯಳಾದ ಹೆಂಗಸು, ಅರವತ್ತರ ಸಮೀಪದವಳು, ಮೂರು ಕಲ್ಲಿನ ಒಲೆಯ ಮೇಲೆ ಚಹ ಕಾಯಿಸುತ್ತಿದ್ದಳು. ನನ್ನನ್ನು ಕಂಡು ಒಂದು ಗೋಣಿಚೀಲವನ್ನು ಕೊಡವಿ ಹಾಸಿದಳು.

‘ಕುಂದರ್ರಿ ಯಜಮಾನ್ರ. ಹದಿನೈದ್ ದಿನ ನಿಮ್ ಚಾ ಕುಡದೇವಿ. ಇವತ್ತ ನಮ್ದೊಂದ್ ಲೋಟ ಕುಡೀರಿ’ ಎಂದಳು.

‘ಈಗಷ್ಟೇ ಕುಡಿದು ಬಂದೆನಮ್ಮಾ’ ಎಂದೆನು.

ಅದು ಸುಳ್ಳು. ನಾನು ಕುಡಿದು ಬಂದಿರಲಿಲ್ಲ. ಅವಳು ಮತ್ತೆ ಒತ್ತಾಯ ಮಾಡಲಿಲ್ಲ. ‘ಆತ್ರಿ’ ಎಂದು ಹೇಳಿ, ಲೋಟಕ್ಕೆ ಹುಯ್ದಿದ್ದ ಚಹವನ್ನು ತಿರುಗಿ ಪಾತ್ರೆಗೆ ಹುಯ್ದಳು. ನಾನು ಹಣವನ್ನು ಎಣಿಸಿ ಕೊಟ್ಟು ಮನೆಗೆ ಬಂದೆನು.

ಏಕೆ ಬೇಡವೆಂದೆ? ಶುಚಿಯ ಪ್ರಶ್ನೆಯೆನ್ನಲಾರೆ, ಪೇಟೆಯಲ್ಲಿ ಅದಕ್ಕಿಂತ ಮಲಿನವಾದ ಲೋಟಗಳಲ್ಲಿ ಎಷ್ಟೋ ಸಲ ಕುಡಿದಿದ್ದೇನೆ. ಜಾತಿಯ ಹಳೆಯ ಭಯವು ಅದರಲ್ಲಿ ಒಂದಂಶವೂ ಇರಲಿಲ್ಲವೆಂದು ಪ್ರಮಾಣ ಮಾಡಲಾರೆ. ಆದರೆ ರಾತ್ರಿಯೆಲ್ಲ ಯೋಚಿಸಿದಾಗ ಅದಕ್ಕಿಂತಲೂ ಒಳಗಿದ್ದ ಕಾರಣವೊಂದು ಹೊಳೆಯಿತು. ಹದಿನೈದು ದಿನ ನಾನು ಕೊಡುವವನಾಗಿದ್ದೆ, ಅವರು ತೆಗೆದುಕೊಳ್ಳುವವರಾಗಿದ್ದರು. ಅವಳ ಒಂದು ಲೋಟ ಚಹವನ್ನು ಕುಡಿದಿದ್ದರೆ ಆ ಲೆಕ್ಕವೆಲ್ಲ ಒಂದೇ ಗಳಿಗೆಯಲ್ಲಿ ಸಮವಾಗಿಬಿಡುತ್ತಿತ್ತು. ಸಮವಾಗುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಎಂದರೆ ಹದಿನೈದು ದಿನವೂ ನಾನು ಕೊಟ್ಟುದು ದಾಸೋಹವಲ್ಲ, ದಾನ. ಲೋಟವು ಬದಲಾಗಿತ್ತು, ಜಗಲಿಯ ಎತ್ತರ ಬದಲಾಗಿರಲಿಲ್ಲ.

ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಸಂಧಿಗೆಂದು ಹಸ್ತಿನಾವತಿಗೆ ಬಂದಾಗ ದುರ್ಯೋಧನನ ಊಟವನ್ನು ನಿರಾಕರಿಸುತ್ತಾನೆ. ಪರರ ಅನ್ನವನ್ನು ಪ್ರೀತಿಯಿದ್ದಾಗ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು. ನಿನಗೆ ಪ್ರೀತಿಯಿಲ್ಲ, ನನಗೆ ಆಪತ್ತಿಲ್ಲ ಎಂಬುದು ಅವನು ಕೊಟ್ಟ ಕಾರಣ. ಆಮೇಲೆ ವಿದುರನ ಮನೆಗೆ ಹೋಗಿ ಉಂಡನು. ಬಡಿಸಿದುದನ್ನು ಬೇಡವೆನ್ನುವುದು ಎಷ್ಟು ಕಠಿನವಾದ ಮಾತೆಂಬುದು ಇದರಿಂದ ತಿಳಿಯುತ್ತದೆ. ದುರ್ಯೋಧನನಿಗೆ ಹೇಳಬೇಕಾದ ಮಾತನ್ನು ನಾನು ವಿದುರನಂಥವಳಿಗೆ ಹೇಳಿ ಬಂದಿದ್ದೆ.

ಬೆಳಗಾದೊಡನೆ ಅಲ್ಲಿಗೆ ಹೋದೆನು. ವಾಹನ ಬಂದು ನಿಂತಿತ್ತು. ತಾಡಪಾಲು ಬಿಚ್ಚಿ ಗಂಟು ಕಟ್ಟಿದ್ದರು. ‘ಒಂದು ಲೋಟ ಚಹ ಕೊಡುವೆಯಾ ತಾಯೀ’ ಎಂದು ಕೇಳಿದೆನು. ಅವಳು ನಕ್ಕಳು. ‘ಪಾತ್ರಿ ಎಲ್ಲ ಕಟ್ಟೇವ್ರಿ. ಮುಂದಿನ್ ವರ್ಸ ಬಂದಾಗ ಕುಡೀರಂತ’ ಎಂದಳು. ಮರುವರ್ಷ ಮುಖಂಡನು ಬೇರೆಯ ತಂಡವನ್ನು ಕರೆತಂದನು. ಆ ಹೆಂಗಸಿನ ಊರು ನನಗೆ ಗೊತ್ತಿಲ್ಲ. ಗುತ್ತಿಗೆಯ ಸಾಲವೆಲ್ಲ ಸಂದಿತು. ಈ ಒಂದು ಲೋಟದ ಸಾಲ ಉಳಿದಿದೆ.

ಈಗ ನೆರೆಯವರ ಪ್ರಶ್ನೆಗೆ ನನ್ನ ಉತ್ತರವನ್ನು ಹೇಳಬಹುದು. ಆಸರಿಗೆಯು ಕೂಲಿಯಲ್ಲ, ಆದುದರಿಂದ ಕೂಲಿಯನ್ನು ಅದು ಒಂದು ಕಾಸಿನಷ್ಟೂ ಕಡಿಮೆ ಮಾಡಬಾರದು. ಅದನ್ನು ಕೊಟ್ಟೆನೆಂಬ ಬಲದಿಂದ ಇನ್ನರ್ಧ ಗಂಟೆ ಹೆಚ್ಚು ದುಡಿಸಿಕೊಳ್ಳುವ ಹಕ್ಕೂ ಯಾರಿಗೂ ಬರುವುದಿಲ್ಲ. ಎಷ್ಟು ಕೊಡಬಲ್ಲೆವೆಂಬುದನ್ನು ಆ ಯೆಹೂದ್ಯ ತಂದೆಯಂತೆ ಮೊದಲೇ ಹೇಳುವುದು ಪ್ರಾಮಾಣಿಕತೆ. ಕೊಡುವುದು ನೀರೇ ಆದರೂ ಕೊರತೆಯಿಲ್ಲ. ಬೇಡವೆಂದವನಿಗೆ ಒತ್ತಾಯ ಮಾಡಬಾರದು. ತನ್ನ ಬುತ್ತಿಯನ್ನು ತಾನು ಉಣ್ಣುವುದು ಅವನ ಸ್ವಾತಂತ್ರ್ಯ, ಅವನಿಗೆ ನೆರಳನ್ನು ತೋರಿಸಿದರೆ ಸಾಕು. ಇನ್ನು ಮನೆಯ ಹೆಂಗಸರ ಶ್ರಮದ ಮಾತು. ನೆರೆಯವರು ಹೇಳಿದುದು ನಿಜ. ಅದಕ್ಕೆ ಉತ್ತರ ಆಸರಿಗೆಯನ್ನು ಬಿಡುವುದಲ್ಲ. ಗುತ್ತಿಗೆಯನ್ನು ಮಾತಾಡಿದವನೇ ಒಲೆಯ ಮುಂದೆ ಕುಳಿತು ಚಹ ಕಾಯಿಸಿ, ಲೋಟ ತೊಳೆದಿಡುವುದು. ಅಷ್ಟು ಮಾಡಲಾರದವನು ಒಂದು ಕೊಡ ತಣ್ಣೀರನ್ನೂ ಬೆಲ್ಲದ ಅಚ್ಚನ್ನೂ ತಾನೇ ಹೊತ್ತು ಇಟ್ಟರಾಯಿತು.

ಇವೆಲ್ಲಕ್ಕಿಂತ ಮುಖ್ಯವಾದುದು ಕಡೆಯದು. ಕೊಡುವವನು ತೆಗೆದುಕೊಳ್ಳುವುದಕ್ಕೂ ಸಿದ್ಧನಾಗಿರಬೇಕು. ಹಳೆಯ ಮುಯ್ಯಾಳಿನ ಊಟದಲ್ಲಿ ಗೌರವವಿದ್ದುದು ಅದು ತಿರುಗಿ ಬರುತ್ತಿದ್ದುದರಿಂದ. ಗುತ್ತಿಗೆಯ ಕಾಲದಲ್ಲಿ ಕೆಲಸವು ತಿರುಗಿ ಬರಲಾರದು. ನಾನು ಅವರ ಹೊಲಕ್ಕೆ ಹೋಗಿ ದುಡಿಯುವವನಲ್ಲ. ಆದರೆ ಅವರ ಬುತ್ತಿಯ ರೊಟ್ಟಿಯ ತುಂಡೊಂದು, ಅವರ ಒಲೆಯ ಮೇಲಿನ ಚಹದ ಗುಟುಕೊಂದು ತಿರುಗಿ ಬರಬಲ್ಲುದು. ಅದು ಬಂದಾಗ ಕುಳಿತು ಕುಡಿಯುವವನು ಮಾತ್ರ ತಾನು ಕೊಟ್ಟುದು ಆಸರಿಗೆಯೆಂದು ಹೇಳಬಹುದು. ಕುಡಿಯಲಾರದವನು ಎಷ್ಟು ಉದಾರವಾಗಿ ಕೊಟ್ಟಿದ್ದರೂ ಅವನ ಕೈಯಲ್ಲಿರುವುದು ಹೊಳೆಯುವ ಕರಟವೇ.

ಈ ವರ್ಷವೂ ಮಳೆ ಹಿಂದೆಗೆದ ಮೇಲೆ ತಂಡಗಳು ಬರುತ್ತವೆ. ತೋಟದ ಮೇಲಿನ ಬಯಲಿನಲ್ಲಿ ತಾಡಪಾಲು ಏಳುತ್ತದೆ. ಯಾರದೋ ಮೂರು ಕಲ್ಲಿನ ಒಲೆಯಲ್ಲಿ ಹೊಗೆಯಾಡುತ್ತದೆ. ಆ ಕಡೆಗೆ ಹಣ ಕೊಡಲು ಹೋಗುವಾಗ ಮನೆಯಲ್ಲಿ ಚಹ ಕುಡಿಯದೆ ಹೋಗಬೇಕೆಂದು ಮಾಡಿದ್ದೇನೆ.